ಜವಾರಿ ಬೀಜ ಕಾದವರಿಗೆ ಪ್ರಶಸ್ತಿ: ದಾರಿ ಯಾವುದು, ಕಾಗದ ಯಾವುದು?

2025ರ ಆಗಸ್ಟ್‌ನಲ್ಲಿ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಆ ಊರಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿ ದೊರಕಿತ್ತು. ಆ ವರ್ಷ ಇಡೀ ಜಗತ್ತಿನಿಂದ ಆರಿಸಿದ್ದು 10 ಗುಂಪುಗಳನ್ನು, ಅದರಲ್ಲಿ ಇದೂ ಒಂದು. 2018ರಲ್ಲಿ 15 ಹೆಣ್ಣುಮಕ್ಕಳು ಕೂಡಿ ಕಟ್ಟಿದ ಸಂಘವಿದು. ಸಹಜ ಸಮೃದ್ಧ ಸಂಸ್ಥೆಯ ಬೆಂಬಲದಿಂದ ಸಿರಿಧಾನ್ಯದ ಜವಾರಿ ಬೀಜಗಳನ್ನು ಕೂಡಿಟ್ಟು, ಬೀಜ ಬ್ಯಾಂಕ್ ನಡೆಸಿ, ಸುತ್ತಲಿನ ಹಳ್ಳಿಗಳ ರೈತರಿಗೆ ಹಂಚಿ, ಬೆಳೆದದ್ದನ್ನು ಹಸನು ಮಾಡುವ ಘಟಕವನ್ನೂ ತಾವೇ ನಡೆಸಿದವರು.

ಅಂದಿನಿಂದ ಅದೇ ತಾಲ್ಲೂಕಿನ ಸಂಶಿಯಲ್ಲಿ, ಅಕ್ಕಪಕ್ಕದ ಊರುಗಳಲ್ಲಿ ಒಂದೇ ಪ್ರಶ್ನೆ: ಇದಕ್ಕೆ ಅರ್ಜಿ ಹಾಕುವುದು ಎಲ್ಲಿ? ನಮ್ಮ ಮನೆಯಲ್ಲೂ ಮುತ್ತಜ್ಜಿಯ ಕಾಲದ ನವಣಿ ಇದೆ, ಜವಾರಿ ಸವತಿ ಇದೆ, ಹೈಬ್ರಿಡ್ ಮುಟ್ಟದ ಮೆಣಸಿನಕಾಯಿ ಇದೆ. ಅದಕ್ಕೂ ಏನಾದರೂ ಸಿಗುತ್ತದೆಯೇ?

ಸಿಗುತ್ತದೆ. ಅದು ಯಾರೋ ಮೆಚ್ಚಿ ಕೊಡುವ ಬಹುಮಾನವಷ್ಟೇ ಅಲ್ಲ, ಕಾಯ್ದೆಯಲ್ಲೇ ಬರೆದಿಟ್ಟ ರೈತರ ಹಕ್ಕು. ಈ ಲೇಖನದ ಹೆಚ್ಚಿನ ಮಾತು ಆ ಹಕ್ಕಿನ ಬಗ್ಗೆಯೇ. ತೀರ್ಥದ ಪ್ರಶಸ್ತಿ ಅಪರೂಪದ್ದು, ಮತ್ತು ಅದು ಒಬ್ಬ ರೈತನಿಗಲ್ಲ, ಸಮುದಾಯದ ಗುಂಪಿಗೆ ಕೊಡುವಂಥದ್ದು. ಆದರೆ ಪ್ರತಿ ಹಳ್ಳಿಯ ಬೀಜ ಕಾಯುವವರೂ ಕೈಹಾಕಬಹುದಾದ ಪ್ರಶಸ್ತಿ ದಿಲ್ಲಿಯಲ್ಲಿದೆ. ಅದರ ಬಾಗಿಲು ಮಾತ್ರ ನಮ್ಮ ಗ್ರಾಮ ಪಂಚಾಯಿತಿಯಲ್ಲೇ ಇದೆ.

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂದದ್ದು 2001ರಲ್ಲಿ. ಅದನ್ನು ಜಾರಿ ಮಾಡುವ ಪ್ರಾಧಿಕಾರ 2005ರ ನವೆಂಬರ್‌ನಲ್ಲಿ ದಿಲ್ಲಿಯಲ್ಲಿ ಆರಂಭವಾಯಿತು. ಹೊಸ ತಳಿ ಕಂಡುಹಿಡಿದ ವಿಜ್ಞಾನಿಗೆ, ಕಂಪನಿಗೆ ಹಕ್ಕು ಕೊಡುವುದು ಈ ಕಾಯ್ದೆಯ ಒಂದು ಮುಖ. ಇನ್ನೊಂದು ಮುಖ ರೈತರದು. ವಿಜ್ಞಾನಿ ಹೊಸ ತಳಿ ಮಾಡಲು ಬಳಸುವ ಮೂಲಬೀಜ ಬಂದದ್ದೇ ರೈತರ ಹೊಲದಿಂದ, ಆದ್ದರಿಂದ ಆ ಬೀಜವನ್ನು ತಲೆಮಾರುಗಟ್ಟಲೆ ಉಳಿಸಿದವರಿಗೂ ಪಾಲು ಸಲ್ಲಬೇಕು ಎಂದು ಕಾಯ್ದೆ ಒಪ್ಪಿದೆ. ಇದರ 39ನೇ ಕಲಮಿನ ಪ್ರಕಾರ, ನಾಡತಳಿಗಳನ್ನೂ ಬೆಳೆಗಳ ಕಾಡುಸಂಬಂಧಿಗಳನ್ನೂ ಆರಿಸಿ, ಕಾಪಾಡಿ, ಸುಧಾರಿಸುವ ರೈತರು ಜೀನ್ ನಿಧಿಯಿಂದ ಮನ್ನಣೆ ಮತ್ತು ಪುರಸ್ಕಾರ ಪಡೆಯಲು ಹಕ್ಕುದಾರರು. ತಳಿ ನೋಂದಾಯಿಸಿದವರು ವರ್ಷ ವರ್ಷ ಕಟ್ಟುವ ಶುಲ್ಕ, ಲಾಭದಲ್ಲಿ ಕೊಡಬೇಕಾದ ಪಾಲು ಇವೆಲ್ಲ ಈ ನಿಧಿಗೆ ಸೇರುತ್ತವೆ. ಅಂದರೆ ಪ್ರಶಸ್ತಿಯ ದುಡ್ಡು ಯಾರ ದಾನವೂ ಅಲ್ಲ.

ಈ ಹಕ್ಕಿನ ಅಡಿಯಲ್ಲಿ ಹುಟ್ಟಿದ್ದೇ ಪ್ಲಾಂಟ್ ಜೀನೋಮ್ ಸೇವಿಯರ್ ಪ್ರಶಸ್ತಿಗಳು. ಇವುಗಳಲ್ಲಿ ಮೂರು ಬಗೆ. ಸಮುದಾಯಕ್ಕೆ ಕೊಡುವುದು 10 ಲಕ್ಷ ರೂಪಾಯಿ, ವರ್ಷಕ್ಕೆ ಹೆಚ್ಚೆಂದರೆ 5. ಒಬ್ಬೊಬ್ಬ ರೈತರಿಗೆ ಕೊಡುವ ಪುರಸ್ಕಾರ ಒಂದೂವರೆ ಲಕ್ಷ ರೂಪಾಯಿಯದು, ವರ್ಷಕ್ಕೆ 10. ಅದರ ಜೊತೆಗೆ 1 ಲಕ್ಷ ರೂಪಾಯಿಯ ರೈತ ಮನ್ನಣೆ, ವರ್ಷಕ್ಕೆ 20. ಹಣದ ಜೊತೆ ಪ್ರಶಸ್ತಿ ಪತ್ರ, ಸ್ಮರಣಿಕೆ. 2023ರ ಸೆಪ್ಟೆಂಬರ್‌ನಲ್ಲಿ ದಿಲ್ಲಿಯಲ್ಲಿ ರೈತರ ಹಕ್ಕುಗಳ ಮೊದಲ ಜಾಗತಿಕ ಸಮಾವೇಶ ನಡೆದಾಗ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರೇ ಈ ಪ್ರಶಸ್ತಿಗಳನ್ನು ಪ್ರದಾನ ಮಾಡಿದರು.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ಅನೇಕ ಅರ್ಜಿಗಳು ಮನೆಯ ಹೊಸ್ತಿಲು ದಾಟದೆ ಉಳಿಯುವುದು ಇದು ಗೊತ್ತಿಲ್ಲದ್ದಕ್ಕೇ. ನಮ್ಮ ಕಡೆ ಬೀಜ ಕಾಯುವವರು ಹೆಚ್ಚಾಗಿ ಹೆಂಗಸರು. ಕಣದಲ್ಲಿ ತುಂಬಿದ ತೆನೆ ನೋಡಿ ಬೇರೆ ತೆಗೆದಿಡುವವರು, ಬೂದಿ ಹಚ್ಚಿ ಗಡಿಗೆಯಲ್ಲಿ ಹಾಕಿ ಬಾಯಿ ಕಟ್ಟುವವರು, ಬೇವಿನ ಎಲೆ ಬೆರೆಸುವವರು, ಯಾವ ಬೀಜ ಯಾವ ಸಾಲಿಗೆ ಎಂದು ಕೂರಿಗೆ ಹಿಂದೆ ನಡೆಯುತ್ತ ಬಿತ್ತುವವರು ಅವರೇ. ಆದರೆ ಉತಾರ ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುತ್ತದೆ. “ಹೊಲ ನನ್ನ ಹೆಸರಿಲೆ ಇಲ್ಲರೀ, ನಾ ಹೆಂಗ ರೈತಳು?” ಎಂದು ಅವರು ಹಿಂದೆ ಸರಿಯುತ್ತಾರೆ. ಕಡೆಗೆ ಅರ್ಜಿ ಹೋದರೂ ಗಂಡಸಿನ ಹೆಸರಿನಲ್ಲಿ ಹೋಗುತ್ತದೆ.

ಕಾಯ್ದೆ ಹಾಗೆ ಹೇಳುವುದಿಲ್ಲ. ರೈತ ಎಂದರೆ ಯಾರು ಎಂಬುದಕ್ಕೆ ಅದು ಕೊಡುವ ಅರ್ಥ ಕಂದಾಯ ಇಲಾಖೆಯ ಅರ್ಥಕ್ಕಿಂತ ದೊಡ್ಡದು. ಸ್ವತಃ ಬೇಸಾಯ ಮಾಡುವವರು ರೈತರು, ಮುಂದೆ ನಿಂತು ಮಾಡಿಸುವವರೂ ರೈತರು. ಇದರ ಜೊತೆ ಮೂರನೆಯದೊಂದಿದೆ. ಒಬ್ಬರೇ ಆಗಲಿ, ಬೇರೆಯವರ ಜೊತೆ ಕೂಡಿ ಆಗಲಿ, ಕಾಡುಜಾತಿಯ ಸಸ್ಯಗಳನ್ನು ಅಥವಾ ಸಾಂಪ್ರದಾಯಿಕ ತಳಿಗಳನ್ನು ಉಳಿಸಿ ಕಾಪಾಡುವವರೂ ರೈತರೇ, ಅವುಗಳ ಒಳ್ಳೆಯ ಗುಣ ಗುರುತಿಸಿ ಆರಿಸಿ ಬೆಲೆ ಹೆಚ್ಚಿಸುವವರೂ ರೈತರೇ. ಆ ಅರ್ಥದಲ್ಲಿ ಜಮೀನಿನ ಒಡೆತನದ ಮಾತೇ ಇಲ್ಲ. ಹಿತ್ತಲಲ್ಲಿ ಜವಾರಿ ಅವರೆ, ಹೀರೆ, ಬದನೆ ಬೀಜ ಉಳಿಸಿಕೊಂಡು ಬಂದ ಒಂಟಿ ಹೆಂಗಸೂ ಈ ಕಾಯ್ದೆಯ ಕಣ್ಣಲ್ಲಿ ಪೂರ್ಣ ರೈತಳು. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಇರುವ ಈ ಮಾತು ಇನ್ನೂ ಹಳ್ಳಿ ಹಳ್ಳಿಗೆ ಮುಟ್ಟಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಇದನ್ನೊಮ್ಮೆ ಗಟ್ಟಿಯಾಗಿ ಓದಿ ಹೇಳಿದರೂ ಬಹಳ ಕೆಲಸವಾಗುತ್ತದೆ.

ಇನ್ನು ಅದೇ 39ನೇ ಕಲಮಿನಲ್ಲಿರುವ ಷರತ್ತು. ನೀವು ಕಾಪಾಡಿದ ಬೀಜ, ನೋಂದಣಿಗೆ ಅರ್ಹವಾದ ತಳಿಗಳಿಗೆ ಗುಣ ಕೊಟ್ಟ ದಾನಿಯಾಗಿ ಬಳಕೆಯಾಗಿರಬೇಕು. ಸರಳವಾಗಿ ಹೇಳುವುದಾದರೆ, ಗಡಿಗೆಯಲ್ಲಿ ಮುಚ್ಚಿಟ್ಟ ಬೀಜಕ್ಕಿಂತ ನಾಲ್ಕು ಕಡೆ ಓಡಾಡಿದ ಬೀಜಕ್ಕೆ ಬಲ ಹೆಚ್ಚು. ನೆರೆಯ ರೈತರು ಒಯ್ದು ಬಿತ್ತಿದ್ದಾರೆಯೇ, ಕೃಷಿ ವಿಶ್ವವಿದ್ಯಾಲಯದವರು ಸಂಶೋಧನೆಗೆ ಪಡೆದಿದ್ದಾರೆಯೇ, ರಾಷ್ಟ್ರೀಯ ಜೀನ್ ಬ್ಯಾಂಕಿಗೆ ಹೋಗಿದೆಯೇ ಎಂಬುದಕ್ಕೆ ಪುರಾವೆ ಬೇಕಾಗುತ್ತದೆ. ದಿಲ್ಲಿಯಲ್ಲಿರುವ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಈ ಜೀನ್ ಬ್ಯಾಂಕ್ ನಡೆಸುತ್ತದೆ. ಅಲ್ಲಿಗೆ ಸೇರಿದ ನಮ್ಮ ದೇಶದ ಪ್ರತಿ ಬೀಜಕ್ಕೆ ‘ಐಸಿ’ ಎಂದು ಆರಂಭವಾಗುವ ಒಂದು ಸಂಖ್ಯೆ ಕೊಡುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೂಲಕ ಬೀಜ ಅಲ್ಲಿಗೆ ಮುಟ್ಟಿಸಿ ಆ ಸಂಖ್ಯೆ ಪಡೆದುಕೊಂಡರೆ, ಇಂಥ ಬೀಜ ಇಂಥ ಊರಿನ ಇಂಥವರಿಂದ ಬಂದದ್ದು ಎಂಬುದಕ್ಕೆ ಅಳಿಸಲಾಗದ ದಾಖಲೆ ಸಿಕ್ಕಂತೆ. ಬೀಜ ಕೊಟ್ಟಾಗ ಸ್ವೀಕೃತಿ ಪತ್ರ ಕೇಳಲು ಸಂಕೋಚಪಡಬಾರದು. ಊರೊಳಗೆ ಹಂಚಿದ್ದಕ್ಕೂ ಒಂದು ವಹಿ ಇರಲಿ: ಯಾವ ವರ್ಷ, ಯಾರಿಗೆ, ಎಷ್ಟು ಸೇರು, ತಿರುಗಿ ಬಂತೋ ಇಲ್ಲವೋ.

ಈಗ ಅರ್ಜಿಯ ದಾರಿಗೆ ಬರೋಣ. ಪ್ರಾಧಿಕಾರವು ಪತ್ರಿಕೆಗಳಲ್ಲಿ ಮತ್ತು ತನ್ನ ಜಾಲತಾಣದಲ್ಲಿ ಅರ್ಜಿ ಕರೆಯುತ್ತದೆ. ಕೊನೆಯ ದಿನಾಂಕ ಪ್ರತಿ ಸಲ ಒಂದೇ ಇರುವುದಿಲ್ಲ, ಆದ್ದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುತ್ತಿರಬೇಕು. ಅರ್ಜಿಯಲ್ಲಿ ಬೆಳೆ ಯಾವುದು, ತಳಿಯನ್ನು ಊರಲ್ಲಿ ಏನೆಂದು ಕರೆಯುತ್ತಾರೆ, ಎಷ್ಟು ವರ್ಷದಿಂದ ಕಾಪಾಡಿದ್ದೀರಿ, ಹೇಗೆ ಕಾಪಾಡುತ್ತೀರಿ, ಅದರ ವಿಶೇಷ ಗುಣವೇನು, ಯಾರ್ಯಾರು ಬಳಸುತ್ತಿದ್ದಾರೆ ಎಂಬುದನ್ನೆಲ್ಲ ಬರೆಯಬೇಕು. ಶುಲ್ಕವಿಲ್ಲ. ಆದರೆ ನೇರವಾಗಿ ಕಳಿಸಿದರೆ ಆಗುವುದಿಲ್ಲ, ಅದಕ್ಕೊಂದು ಶಿಫಾರಸು ಬೇಕು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿ, ಜಿಲ್ಲೆಯ ಕೃಷಿ ಅಧಿಕಾರಿ, ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರು, ಜಿಲ್ಲಾ ಬುಡಕಟ್ಟು ಅಭಿವೃದ್ಧಿ ಅಧಿಕಾರಿ, ಇವರಲ್ಲಿ ಯಾರಾದರೂ ಒಬ್ಬರ ಸಹಿ ಸಾಕು.

ನಾಲ್ವರಲ್ಲಿ ಮೊದಲನೆಯವರು ಊರಲ್ಲೇ ಇದ್ದಾರೆ ಎಂಬುದನ್ನು ಗಮನಿಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು. ಊರಿನ ಗಿಡಮರ, ಬೆಳೆ, ದನಕರು, ಔಷಧಿ ಸಸ್ಯಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನೂ ಅದು ಇಟ್ಟಿರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ದಾಖಲಾತಿ ಮುಗಿಸಲು 2020ರ ಜನವರಿ 31ರ ಗಡುವು ಹಾಕಿತ್ತು. ಗಡುವಿನ ಒತ್ತಡದಲ್ಲಿ ತುಂಬಿದ ಪುಸ್ತಕದಲ್ಲಿ ಬೇವು, ಹುಣಸೆ, ಜೋಳ, ಗೋದಿ ಎಂದು ಎಲ್ಲ ಊರಿಗೂ ಹೊಂದುವ ಹೆಸರುಗಳಷ್ಟೇ ಇದ್ದು, ನಿಮ್ಮ ಓಣಿಯ ಕರಿ ನವಣಿಯ ಹೆಸರು ಇಲ್ಲದಿರಬಹುದು. ಪಂಚಾಯಿತಿಗೆ ಹೋಗಿ ಆ ಪುಸ್ತಕ ತೆಗೆಸಿ ಓದಿ. ಬಿಟ್ಟುಹೋಗಿದ್ದರೆ ಸೇರಿಸಲು ಗ್ರಾಮಸಭೆಯಲ್ಲಿ ಕೇಳಿ. ಪ್ರಶಸ್ತಿಯ ಮಾತು ಪಕ್ಕಕ್ಕಿಟ್ಟರೂ ಇದೊಂದು ಕೆಲಸವನ್ನು ಪ್ರತಿ ಊರೂ ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಾಖಲೆಯಲ್ಲಿ ಇಲ್ಲದ ತಳಿ ನಾಳೆ ಬೇರೆ ಯಾರದೋ ಹೆಸರಿನಲ್ಲಿ ಬಂದರೆ, ಅದು ನಮ್ಮದು ಎನ್ನಲು ಕೈಯಲ್ಲಿ ಏನೂ ಇರುವುದಿಲ್ಲ.

ಪ್ರಶಸ್ತಿ ಬೇರೆ, ತಳಿಯ ನೋಂದಣಿ ಬೇರೆ. ಎರಡನ್ನೂ ಮಾಡಬಹುದು, ನೋಂದಣಿ ಇದ್ದರೆ ಪ್ರಶಸ್ತಿಯ ಅರ್ಜಿಗೂ ತೂಕ ಬರುತ್ತದೆ. ರೈತರ ತಳಿ ಎಂದು ನೋಂದಾಯಿಸಿದರೆ ಬೆಳೆಗಳಿಗೆ ಒಟ್ಟು 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ ಹಕ್ಕು ಸಿಗುತ್ತದೆ. ರೈತರಿಗೆ ನೋಂದಣಿ ಶುಲ್ಕ ಇಲ್ಲ. ತಳಿ ಉಳಿದವುಗಳಿಗಿಂತ ಬೇರೆಯಾಗಿದೆಯೇ, ಎಲ್ಲ ಗಿಡಗಳೂ ಒಂದೇ ಸಮನಾಗಿವೆಯೇ, ವರ್ಷದಿಂದ ವರ್ಷಕ್ಕೆ ಗುಣ ನಿಲ್ಲುತ್ತದೆಯೇ ಎಂದು ಹೊಲದಲ್ಲಿ ಬಿತ್ತಿ ಪರೀಕ್ಷಿಸುತ್ತಾರೆ. ರೈತರ ತಳಿಗೆ ಈ ಪರೀಕ್ಷೆಯಲ್ಲಿ ತುಸು ಸಡಿಲಿಕೆ ಇದೆ. ನಮ್ಮ ರಾಜ್ಯದವರಿಗೆ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ. ಫಾರ್ಮು ತುಂಬುವುದಕ್ಕೆ ಧಾರವಾಡದ ಸೈದಾಪುರ ಫಾರ್ಮಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರ ನೆರವು ಪಡೆಯಬಹುದು. ಗಿಡದ ಎತ್ತರ, ಎಲೆಯ ಆಕಾರ, ಹೂವಿನ ಬಣ್ಣ, ತೆನೆಯ ಉದ್ದ ಎಂದು ಫಾರ್ಮಿನಲ್ಲಿ ಕೇಳುವ ತಾಂತ್ರಿಕ ಪ್ರಶ್ನೆಗಳಿಗೆ ಅವರ ಸಹಾಯವಿಲ್ಲದೆ ಉತ್ತರ ಬರೆಯುವುದು ಕಷ್ಟ.

ನೋಂದಣಿಯಿಂದ, ಹೆಸರಿಗೆ ಸಿಗುವ ಮನ್ನಣೆಯಿಂದ ಏನಾಗಬಹುದು ಎಂಬುದಕ್ಕೆ ತುಮಕೂರು ಜಿಲ್ಲೆ ಚೇಳೂರಿನ ‘ಸಿದ್ದು’ ಹಲಸು ಒಳ್ಳೆಯ ಸಾಕ್ಷಿ. ಒಬ್ಬ ರೈತರ ಜಮೀನಿನಲ್ಲಿದ್ದ, ತಾಮ್ರಗೆಂಪು ತೊಳೆಯ ಆ ಒಂದೇ ಮರವನ್ನು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. ಕಸಿ ಗಿಡ ಮಾಡಿ ಮಾರುವುದರಿಂದ ಬರುವ ಆದಾಯದಲ್ಲಿ ಶೇ 75ರಷ್ಟು ಮರದ ಒಡೆಯರಿಗೇ ಸಲ್ಲಬೇಕೆಂದು 2017ರಲ್ಲಿ ಒಪ್ಪಂದವಾಯಿತು. ಮರಕ್ಕೆ ಇಟ್ಟ ಹೆಸರು ಆ ರೈತರ ತಂದೆಯದು. ಹಾಗೆ ನೋಡಿದರೆ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಬಂದ ಭೌಗೋಳಿಕ ಗುರುತು ಬೇರೆಯೇ ಬಗೆಯದು. ಅದು ಒಂದು ಸೀಮೆಯ ಮಾಲಿನ ಹೆಸರನ್ನು ಕಾಯುತ್ತದೆ. ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳ ಬೀಜವನ್ನು ಮನೆಯಲ್ಲಿ ಉಳಿಸಿಕೊಂಡ ಸಂಶಿಯ ರೈತನಿಗೆ ಬೀಜ ಕಾದದ್ದಕ್ಕೆ ಅದರಿಂದ ನೇರವಾಗಿ ಏನೂ ಬರುವುದಿಲ್ಲ. ಅವನಿಗೆ ದಾರಿ ಇರುವುದು ಮೇಲೆ ಹೇಳಿದ ಕಾಯ್ದೆಯಲ್ಲೇ.

ಮೆಣಸಿನಕಾಯಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನವಣಿಯಲ್ಲಿ ಹೆಚ್ಚಾಗಿ ತನ್ನ ಹೂವಿನೊಳಗೇ ಪರಾಗಸ್ಪರ್ಶ ಆಗುತ್ತದೆ, ಹಾಗಾಗಿ ತಳಿ ಕೆಡದಂತೆ ಇಡುವುದು ಸುಲಭ. ಮೆಣಸಿನಕಾಯಿ ಹಾಗಲ್ಲ. ಜೇನುನೊಣ ಓಡಾಡಿದಷ್ಟೂ ಅಕ್ಕಪಕ್ಕದ ಹೊಲದ ಪರಾಗ ಬೆರೆಯುತ್ತದೆ. ಬದುವಿನ ಆಚೆ ಹೈಬ್ರಿಡ್ ಇದ್ದರೆ ನಾಲ್ಕಾರು ವರ್ಷದಲ್ಲಿ ನಿಮ್ಮ ಜವಾರಿ ಬೀಜದಲ್ಲಿ ಬೆರಕೆ ಕಾಣಿಸುತ್ತದೆ. ಪರೀಕ್ಷೆಗೆ ಬೀಜ ಕಳಿಸುವವರು ಬೀಜದ ಗಿಡಗಳನ್ನು ದೂರದಲ್ಲಿ ಬೇರೆ ಹಚ್ಚಬೇಕು, ಇಲ್ಲವೇ ಹೂ ಬಿಡುವ ಹೊತ್ತಿಗೆ ಗಿಡಗಳ ಮೇಲೆ ತೆಳು ಬಲೆ ಹೊದಿಸಬೇಕು. ಹೊಂದದ ಗಿಡಗಳನ್ನು ಕಂಡ ಕೂಡಲೇ ಕಿತ್ತುಹಾಕಬೇಕು. ಸವತಿ, ಹೀರೆ, ಕುಂಬಳದ ಬಳ್ಳಿಗಳಿಗೂ ಇದೇ ಮಾತು.

ಹೊಲದ ಬೆಳೆ ಅಲ್ಲದ ಕಾಡುಗಿಡಗಳನ್ನು ಕಾಪಾಡುವವರ ಕಥೆ ಏನು? ಬದುವಿನ ಕಾಡುಸವತಿ, ಕಾಡು ಎಳ್ಳಿನಂಥ ಬೆಳೆಯ ಸಂಬಂಧಿಗಳಾದರೆ ಜೀನೋಮ್ ಸೇವಿಯರ್ ಒಳಗೇ ಬರುತ್ತವೆ. ಔಷಧಿ ಸಸ್ಯ, ದೇವರ ಗುಡ್ಡದ ಮರ, ಕಪ್ಪತಗುಡ್ಡದಂಥ ತಾಣದ ಸಸ್ಯಸಂಪತ್ತು ಕಾಯುವವರಿಗೆ 2012ರಲ್ಲಿ ಶುರುವಾದ ಭಾರತ ಜೀವವೈವಿಧ್ಯ ಪ್ರಶಸ್ತಿಗಳಿವೆ. ಒಳ್ಳೆಯ ಕೆಲಸ ಮಾಡಿದ ಪಂಚಾಯಿತಿ ಸಮಿತಿಗಳಿಗೂ ಅದರಲ್ಲಿ ಜಾಗವಿದೆ. ಸಸ್ಯಶಾಸ್ತ್ರದ ವಿದ್ವಾಂಸರಿಗೆ ಮೀಸಲಾದವು ಬೇರೆ. ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳ ವರ್ಗೀಕರಣಕ್ಕೆ ಬಾಳು ತೆತ್ತವರಿಗೆ ಕೇಂದ್ರ ಪರಿಸರ ಸಚಿವಾಲಯ ಇ.ಕೆ. ಜಾನಕಿ ಅಮ್ಮಾಳ್ ಹೆಸರಿನ ಪ್ರಶಸ್ತಿಯನ್ನು 1999ರಲ್ಲಿ ಸ್ಥಾಪಿಸಿತು. ಭಾರತೀಯ ಸಸ್ಯಶಾಸ್ತ್ರ ಸಂಘ ಬೀರಬಲ್ ಸಾಹ್ನಿ ಪದಕ ಕೊಡುತ್ತದೆ. ಇವು ಕಾಲೇಜು, ವಿಶ್ವವಿದ್ಯಾಲಯದವರ ದಾರಿ.

ಪದ್ಮ ಪ್ರಶಸ್ತಿಯನ್ನು ಮಾತ್ರ ಹಳ್ಳಿಯವರು ತಮಗೆ ಎಟುಕದ್ದು ಎಂದು ತಿಳಿಯಬೇಕಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಕಾಡುಮರಗಳ ಬೀಜ ಗುರುತಿಸಿ ನರ್ಸರಿಯಲ್ಲಿ ಸಸಿ ಬೆಳೆಸಿದ ಕೆಲಸಕ್ಕೇ ಪದ್ಮಶ್ರೀ ಪಡೆದವರು. ಕಾಸರಗೋಡಿನ ಸತ್ಯನಾರಾಯಣ ಬೇಳೇರಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ‘ರಾಜಕಯಮೆ’ ಭತ್ತವನ್ನು ಊರೂರಿಗೆ ಮುಟ್ಟಿಸಿದವರು ಅವರೇ. ಪದ್ಮಕ್ಕೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದು, ತಮ್ಮ ಹೆಸರನ್ನು ತಾವೇ ಕಳಿಸಲೂಬಹುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಜಾಲತಾಣದಲ್ಲಿ ಪ್ರತಿ ವರ್ಷ ಗೊತ್ತುಪಡಿಸಿದ ಅವಧಿಯಲ್ಲಿ ಅದಕ್ಕೆ ಅವಕಾಶವಿರುತ್ತದೆ. 800 ಪದಗಳೊಳಗೆ ಸಾಧನೆ ಬರೆಯಬೇಕು. ಪದ್ಮದ ಜೊತೆ ಹಣ ಬರುವುದಿಲ್ಲ. ಊರಿನ ಶಾಲಾ ಶಿಕ್ಷಕರೋ ಓದಿದ ಮಗಳೋ ಕುಳಿತು ಬರೆದರೆ ಆಗುವ ಕೆಲಸವಿದು.

ಇನ್ನೂ ಹತ್ತಿರದ್ದು ಬೇಕೆಂದರೆ ಧಾರವಾಡ ಕೃಷಿ ಮೇಳ. ಅಲ್ಲಿ ವಿಶ್ವವಿದ್ಯಾಲಯ ಜಿಲ್ಲೆಗೊಬ್ಬರಂತೆ ಶ್ರೇಷ್ಠ ಕೃಷಿಕ, ಶ್ರೇಷ್ಠ ಕೃಷಿ ಮಹಿಳೆ ಎಂದು ಗೌರವಿಸುತ್ತದೆ. ಅದು ಬೀಜಕ್ಕೇ ಮೀಸಲಾದ ಪ್ರಶಸ್ತಿಯಲ್ಲ, ಒಟ್ಟು ಬೇಸಾಯ ನೋಡಿ ಕೊಡುವಂಥದ್ದು. ಆದರೂ ವಿಜ್ಞಾನಿಗಳ ಪರಿಚಯ ಆಗುವುದು, ನಿಮ್ಮ ಹೊಲಕ್ಕೆ ಅವರು ಬಂದು ನೋಡುವುದು ಇಂಥ ಕಡೆಯಿಂದಲೇ ಶುರುವಾಗುತ್ತದೆ.

ಇದರ ನಡುವೆ ಫೋನು ಮಾಡಿ, ನಿಮಗೆ ರಾಷ್ಟ್ರಮಟ್ಟದ ಪ್ರಶಸ್ತಿ ಬಂದಿದೆ, ನೋಂದಣಿಗೆ ಇಷ್ಟು ಸಾವಿರ ಕಳಿಸಿ ಎನ್ನುವವರೂ ಇದ್ದಾರೆ. ನಾನಿಲ್ಲಿ ಹೇಳಿದ ಸರ್ಕಾರಿ ಪ್ರಶಸ್ತಿಗಳಿಗಾಗಲಿ ಈಕ್ವೇಟರ್ ಪ್ರಶಸ್ತಿಗಾಗಲಿ ದುಡ್ಡು ಕಟ್ಟಬೇಕಿಲ್ಲ. ಕೇಳಿದವರಿಗೆ ಕೊಡಬೇಡಿ, ಬೀಜವನ್ನೂ ಕೊಡಬೇಡಿ.

ಸಮುದಾಯ ಪ್ರಶಸ್ತಿಗೆ ಹೋಗಬೇಕೋ ಒಬ್ಬರ ಹೆಸರಿನಲ್ಲಿ ಹೋಗಬೇಕೋ ಎಂದು ಕೇಳುವವರಿಗೆ, ಸಂಶಿ ಭಾಗದಲ್ಲಾದರೆ ನಾನು ಗುಂಪಿನ ದಾರಿಯನ್ನೇ ಹೇಳುತ್ತೇನೆ. ಮಳೆ ನಂಬಿದ ಎರಿ ಹೊಲದಲ್ಲಿ ಒಂದು ವರ್ಷ ಒಬ್ಬರ ಬೀಜ ಪೂರ್ತಿ ಕೈಕೊಡಬಹುದು, ಐದಾರು ಮನೆಯಲ್ಲಿ ಹಂಚಿಹೋಗಿದ್ದರೆ ಎಲ್ಲೋ ಒಂದು ಕಡೆ ಉಳಿಯುತ್ತದೆ. ತೀರ್ಥದ ಹೆಣ್ಣುಮಕ್ಕಳು ಮಾಡಿದ್ದೂ ಇದನ್ನೇ. ಒಯ್ದವರು ಬೆಳೆದ ಮೇಲೆ ಬೀಜ ಬ್ಯಾಂಕಿಗೆ ತಿರುಗಿ ಬೀಜ ಕೊಡುವ ಪದ್ಧತಿ ಇದ್ದರೆ ಹಂಚಿಕೆಯ ವಹಿ ತಾನಾಗಿಯೇ ಬೆಳೆಯುತ್ತದೆ, ಪ್ರಶಸ್ತಿಯ ಅರ್ಜಿ ಕೇಳುವುದೂ ಹೆಚ್ಚಾಗಿ ಅದನ್ನೇ.

ಮುಂಗಾರಿ ಬಿತ್ತನೆಗೆ ಮುಂಚೆ ಮಾಡಬೇಕಾದದ್ದು ಇಷ್ಟು. ಮನೆಯಲ್ಲಿರುವ ಪ್ರತಿ ಜವಾರಿ ಬೀಜಕ್ಕೆ ಊರಲ್ಲಿ ಕರೆಯುವ ಹೆಸರು, ಯಾರಿಂದ ಬಂತು ಎಂಬುದನ್ನು ಚೀಟಿಯಲ್ಲಿ ಬರೆದು ಗಡಿಗೆಗೆ ಕಟ್ಟಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಬೆಳೆ ಮೊಳೆತಾಗ, ಹೂವಾದಾಗ, ತೆನೆ ಬಲಿತಾಗ ಒಂದೊಂದು ಸಲ ಫೋಟೊ ತೆಗೆದು ತಾರೀಖು ಬರೆದಿಡಿ. ಕೊಯ್ಲಿಗೆ ಮುಂಚೆ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೃಷಿ ಇಲಾಖೆಯವರನ್ನೋ ಹೊಲಕ್ಕೆ ಕರೆದು ತೋರಿಸಿ, ತೆನೆ ಕೊಯ್ದ ಮೇಲೆ ಅವರು ನೋಡಲು ಏನೂ ಉಳಿದಿರುವುದಿಲ್ಲ. ಒಂದು ಪಾಲು ಬೀಜ ಜೀನ್ ಬ್ಯಾಂಕಿಗೆಂದು ಅವರ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದು ಪಾಲು ನೆರೆಮನೆಗೆ ಕೊಟ್ಟು ವಹಿಯಲ್ಲಿ ಬರೆಯಿರಿ. ಇಷ್ಟನ್ನೂ ತೆಗೆದುಕೊಂಡು ಪಂಚಾಯಿತಿಗೆ ಹೋದರೆ ಜೀವವೈವಿಧ್ಯ ಸಮಿತಿಯವರಿಗೆ ಸಹಿ ಹಾಕಲು ಆಧಾರ ಸಿಗುತ್ತದೆ. ಒಂದು ವರ್ಷ ಆಯ್ಕೆ ಆಗದಿದ್ದರೆ ಅದೇ ಕಡತಕ್ಕೆ ಮುಂದಿನ ಸುಗ್ಗಿಯ ಫೋಟೊ, ಹಂಚಿಕೆಯ ಲೆಕ್ಕ ಸೇರಿಸಿ ಮತ್ತೆ ಕಳಿಸಬಹುದು.